ತೆರೆಯುವ ಛಾವಣಿಗೆ ನಾನು ತೆತ್ತದ್ದು

ಇಪ್ಪತ್ತೆರಡು ಲಕ್ಷ. ಶೀಟು, ಕಂಬ ಎಲ್ಲ ನನ್ನ ಕಬ್ಬಿಣದ ಅಂಗಡಿಯವೇ, ಲಾಭ ಇಟ್ಟುಕೊಳ್ಳದೆ ಕೊಟ್ಟದ್ದು. ಹೊರಗಿನವರಿಗಾದರೆ ಮೂವತ್ತು ದಾಟುತ್ತಿತ್ತು. ಸುಮ್ಮನೆ ಮೇಲೆ ಶೀಟು ಹೊದಿಸಿದ್ದರೆ ಹನ್ನೊಂದಕ್ಕೆ ಮುಗಿಯುತ್ತಿತ್ತು. ಉಳಿದರ್ಧ ಹಳಿ, ಚಕ್ರ, ಎರಡು ಮೋಟಾರಿಗೆ, ಅಂದರೆ ಮುಚ್ಚಿದ್ದನ್ನು ಮತ್ತೆ ತೆರೆಯುವುದಕ್ಕೆ ಹೋಯಿತು.

ಅಂಥದ್ದನ್ನು ಮೊದಲು ಕಂಡದ್ದು ಮೆಲ್ಬೋರ್ನಿನಲ್ಲಿ. ಕಬ್ಬಿಣದ ವ್ಯಾಪಾರಿಗಳ ಗುಂಪಿನ ಜೊತೆ ಹೋಗಿದ್ದೆ. ದೊಡ್ಡ ಟೆನಿಸ್ ಸ್ಟೇಡಿಯಂ, ಸಾವಿರಾರು ಜನ. ಹನಿ ಬಿತ್ತು, ಎರಡು ಕಡೆಯಿಂದ ಛಾವಣಿ ಸರಿದು ಬಂದು ಕೂಡಿಕೊಂಡಿತು. ಯಾರೂ ಎದ್ದು ಓಡಲಿಲ್ಲ. ಪಕ್ಕದವರು ಆಟ ನೋಡುತ್ತಿದ್ದರೆ ನಾನು ಮೇಲಿನ ಚಕ್ರ ಎಣಿಸುತ್ತಿದ್ದೆ. ನನ್ನ ತಲೆಯಲ್ಲಿದ್ದದ್ದು ಚಾಮರಾಜಪೇಟೆಯ ನಮ್ಮ ಕ್ಲಬ್ಬಿನ ಬಾಲ್ ಬ್ಯಾಡ್ಮಿಂಟನ್ ಅಂಕಣ.

ಆ ಆಟಕ್ಕೆ ಉಣ್ಣೆಯ ಚೆಂಡು. ನೆನೆದರೆ ಭಾರವಾಗಿ ಬ್ಯಾಟಿನಿಂದ ಏಳುವುದೇ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರು ಮಳೆಗಾಲವಿಡೀ ಬ್ಯಾಟ್ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಊರು ಬಿಟ್ಟು ಬಂದು ಅಂಗಡಿಗಳಿಗೆ ಸರಳು ಹೊರುತ್ತಿದ್ದಾಗ, ಬೇಲಿಯಾಚೆ ನಿಂತು ನೋಡುತ್ತಿದ್ದವನನ್ನು ಕರೆದು ತಂಡಕ್ಕೆ ಐದನೆಯವನಾಗಿ ಸೇರಿಸಿಕೊಂಡವರು ಅವರು. ಎಪ್ಪತ್ತು ದಾಟಿದ ಮೇಲೆ ಸಂಜೆಯ ಆ ಒಂದು ಗಂಟೆಯೇ ಅವರ ಜೀವ. ಪೂರ್ತಿ ಮುಚ್ಚಿಸಿಬಿಡೋಣ ಎಂದದ್ದಕ್ಕೆ, "ಹೋಗಯ್ಯ, ನಿನ್ನ ಗೋಡೌನಲ್ಲಿ ಆಡೋಕೆ ನಾನೇನು ಹೆಗ್ಗಣಾನಾ?" ಎಂದಿದ್ದರು. ಹಾಗಾಗಿ ತೆರೆಯುವ ಛಾವಣಿ.

ಮೊದಲ ಮಳೆಗಾಲ ಒಂದು ಸಂಜೆಯೂ ಆಟ ತಪ್ಪಲಿಲ್ಲ. ಮರುವರ್ಷ ಹೊಸ ಕಮಿಟಿ ಬಂತು. ನೆಲಕ್ಕೆ ಹಸಿರು ಮ್ಯಾಟ್ ಹಾಸಿ, ಅಂಕಣವನ್ನು ಶಟಲ್ ಕೋಚಿಂಗಿನವರಿಗೆ ಬಾಡಿಗೆಗೆ ಕೊಟ್ಟಿತು. ಮೇಷ್ಟ್ರನ್ನು ಕರೆದುಕೊಂಡು ಕಾರ್ಯದರ್ಶಿಯ ಬಳಿ ಹೋದೆ.

"ಶಟಲ್‌ಗೆ ಗಾಳಿ ಆಗಲ್ಲ ಸಾರ್, ಮುಚ್ಚೇ ಇರ್ಬೇಕು. ನಿಮ್ಮ ಛಾವಣಿಯಿಂದ ಕ್ಲಬ್ಬು ಉದ್ಧಾರ ಆಯ್ತು ನೋಡಿ," ಎಂದ ಆತ.

"ಮತ್ತೆ ನಮ್ಮ ಆಟ?" ಎಂದೆ.

"ಬೆಳಗ್ಗೆ ಹನ್ನೊಂದಕ್ಕೆ ಖಾಲಿ ಇದೆ. ಸಂಜೇನೇ ಬೇಕಂದ್ರೆ ಗಂಟೆಗೆ ಎಂಟ್ನೂರು."

ಬಾಯಿ ಅಭ್ಯಾಸದಂತೆ ಓಡಿತು. "ದಿನಾ ಬರೋರು ನಾವು. ಐನೂರು ಮಾಡ್ಕೊಳ್ಳಿ."

"ನಿಮ್ಮ ಮುಖ ನೋಡ್ಕೊಂಡು ಆರ್ನೂರು. ಅದಕ್ಕಿಂತ ಆಗಲ್ಲ."

ಗೆದ್ದೆನೆಂದುಕೊಂಡು ತಿರುಗಿದರೆ ಮೇಷ್ಟ್ರು ಬ್ಯಾಟನ್ನು ಚೀಲಕ್ಕೆ ಹಾಕುತ್ತಿದ್ದರು. "ನಮ್ಮ ಜಾಗಕ್ಕೆ ನೀನೇ ರೇಟ್ ಮಾತಾಡ್ಬಿಟ್ಯಲ್ಲೋ. ಇನ್ನು ನಂದೇನಿದೆ ಇಲ್ಲಿ?" ಎಂದು ನಡೆದೇಬಿಟ್ಟರು.

ಮತ್ತೆ ಬರಲಿಲ್ಲ. ತ್ಯಾಗರಾಜನಗರದ ಅವರ ಮನೆಗೆ ಎರಡು ಸಲ ಹೋದೆ. ಕಾಫಿ ಕೊಟ್ಟರು, ಆಟದ ಮಾತೆತ್ತಿದರೆ ಟೀವಿಯ ಸದ್ದು ಜಾಸ್ತಿ ಮಾಡಿದರು. ಕಳೆದ ತಿಂಗಳು ಕಮಿಟಿಯಿಂದ ಕಾಗದ ಬಂದಿದೆ: ಉಪಯೋಗಿಸದೆ ಹಳಿಗಳು ತುಕ್ಕು ಹಿಡಿದಿವೆ, ದಾನಿಗಳು ದುರಸ್ತಿ ಮಾಡಿಸಿಕೊಡಬೇಕಂತೆ.

ನೀವೂ ಶಾಲೆಗೋ ಕ್ಲಬ್ಬಿಗೋ ಏನಾದರೂ ಕಟ್ಟಿಸಿಕೊಡುವವರಾದರೆ ಕೇಳಿ. ಹೆಸರಿನ ಕಲ್ಲಿಗೆ ಆಸೆಪಡಬೇಡಿ. ಯಾರು, ಯಾವ ಹೊತ್ತಿನಲ್ಲಿ, ಪುಕ್ಕಟೆಯಾಗಿ ಬಳಸಬೇಕೆಂದು ಛಾಪಾ ಕಾಗದದಲ್ಲಿ ಬರೆಸಿ; ಮುಂದೆ ಬರುವ ಕಮಿಟಿಗಳಿಗೂ ಅನ್ವಯ ಎಂಬ ಸಾಲು ಬಿಡಬೇಡಿ. ಸ್ವಿಚ್ಚಿನ ಕೋಣೆಯ ಒಂದು ಬೀಗದ ಕೈ ಆಡುವವರ ಹತ್ತಿರವೇ ಇರಲಿ. ಸಹಿ ಬಿದ್ದ ಮೇಲೆಯೇ ಕಂಬಕ್ಕೆ ಗುಂಡಿ ತೋಡಿಸಿ. ಇಷ್ಟಾದರೂ ಯಾರಾದರೂ ನಿಮ್ಮದಕ್ಕೇ ನಿಮಗೆ ಬೆಲೆ ಹೇಳಿದರೆ, ಕಡಿಮೆ ಮಾಡಿ ಎನ್ನಬೇಡಿ. ಎದ್ದು ಬನ್ನಿ, ಅದೇ ದಿನ ವಕೀಲರನ್ನು ನೋಡಿ.