ವೈನಿಯ ಚುಕ್ಕಿ ಕ್ಯಾಮೆರಾ

ಎಳ್ಳಮಾವಾಸ್ಯೆಯ ಬೆಳಿಗ್ಗೆ ಪಕ್ಕದ ಮನೆಯವರು ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಹಬ್ಬದ ಭಜ್ಜಿ ಒಂದು ಡಬ್ಬಿ ಕೊಟ್ಟು ಹೋದರು. ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಮುಚ್ಚಳ ತೆಗೆದ ಕೂಡಲೇ ಹುಣಸೆ, ಮೆಂತ್ಯ, ಹಸಿಕಡಲೆಯ ವಾಸನೆ ಬಂತು. ವೈನಿ ನೆನಪಾದರು...

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ದಿನಾ ಶಹಾಪುರದಿಂದ ಬಸ್ಸು ಹಿಡಿದು ಯಾದಗಿರಿಯ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅವರೂ ಅವರ ವಿದ್ಯಾರ್ಥಿನಿಯರೂ ಸೇರಿ ಒಂದು ಪುಟ್ಟ ಉಪಗ್ರಹಕ್ಕೆ ಕ್ಯಾಮೆರಾ ಮಾಡುತ್ತಿದ್ದರು. ಅದು ನಕ್ಷತ್ರಗಳನ್ನು ನೋಡಿ ಉಪಗ್ರಹದ ಮುಖ ಯಾವ ಕಡೆಗಿದೆ ಎಂದು ಹೇಳಬೇಕು. ನಾನು ಹತ್ತನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಹಿಡಿದವಳು. ಅರ್ಥವಾಗಲಿಲ್ಲ ಎಂದಾಗ ವೈನಿ ಹೇಳಿದ್ದರು:

"ಬಸ್ಸಿನಾಗ ಕುಂತಾಗ ನಮ್ಮೂರ ಬುದ್ಧ ಮಲಗಿದ ಗುಡ್ಡ ಯಾವ ಕಿಡಕ್ಯಾಗ ಕಾಣ್ತದ ನೋಡು. ಅದರ ಮ್ಯಾಲ ಬಸ್ಸಿನ ಮಾರಿ ಎತ್ತಾಗದ ಅಂತ ತಿಳೀತದಿಲ್ಲ? ಹಂಗಽ."

ಆದರೆ ಆ ಕ್ಯಾಮೆರಾ ಕೊಡುವ ಉತ್ತರ ಒಂದು ಕಡೆ ನಿಲ್ಲುತ್ತಿರಲಿಲ್ಲ, ಕುಣಿಯುತ್ತಿತ್ತು. ಪರೀಕ್ಷಿಸಲು ಬಂದವರು, ಹಬ್ಬ ಕಳೆದ ಮೇಲೆ ಇನ್ನೊಮ್ಮೆ ನೋಡುತ್ತೇವೆ, ಆಗಲೂ ಹೀಗೇ ಇದ್ದರೆ ಇದನ್ನು ಬಿಟ್ಟು ಉಪಗ್ರಹ ಹೋಗುತ್ತದೆ ಎಂದಿದ್ದರು. ವೈನಿ ಲೆನ್ಸ್ ತಿರುಗಿಸಿ ತಿರುಗಿಸಿ ನಕ್ಷತ್ರದ ಚುಕ್ಕಿಯನ್ನು ಸೂಜಿಮೊನೆಯಷ್ಟು ಚೂಪು ಮಾಡುತ್ತಿದ್ದರು. ಚೂಪಾದಷ್ಟೂ ಉತ್ತರ ಸರಿ ಬರುತ್ತದೆ ಎಂಬ ನಂಬಿಕೆ.

ಆ ವರ್ಷದ ಎಳ್ಳಮಾವಾಸ್ಯೆಗೆ ವನದುರ್ಗದ ಹತ್ತಿರದ ನಮ್ಮ ಹೊಲಕ್ಕೆ ಹೋದೆವು. ಚಂದ್ರನಿಲ್ಲದ ರಾತ್ರಿ ಸಿಗುತ್ತದೆಂದು ವೈನಿ ಕ್ಯಾಮೆರಾವನ್ನೂ ರೊಟ್ಟಿ ಬುಟ್ಟಿಯ ಜೊತೆಗೇ ತಂದಿದ್ದರು. ಅಣ್ಣ ಭೂತಾಯಿಯ ಎಡೆಯನ್ನು ಬೆಳೆಗೆಲ್ಲ ಎರಚಿ, ಚರಗ ಚೆಲ್ಲಿ ಬಂದ. ಬುಟ್ಟಿಗೆ ಕಟ್ಟಿದ್ದ ಚೌಕಳಿ ಬಟ್ಟೆ ಹಾಸಿ ಉಣ್ಣಲು ಕುಳಿತೆವು. ವೈನಿಯ ಕೈಯಿಂದ ಬದನೆಕಾಯಿಯ ಎಣ್ಣೆ ಒಂದು ಹನಿ ಬಟ್ಟೆಯ ಮೇಲೆ ಬಿತ್ತು. ಒಂದೇ ಚೌಕದಲ್ಲಿದ್ದ ಹನಿ ನಿಧಾನಕ್ಕೆ ಸುತ್ತಲ ಚೌಕಗಳಿಗೂ ಹರಡಿತು. ವೈನಿ ತುತ್ತು ಕೈಯಲ್ಲೇ ಹಿಡಿದು ಅದನ್ನೇ ನೋಡತೊಡಗಿದರು.

"ಕಲಿ ತೊಳಿಯಾಕ ನಾ ಅದೀನ್ರಿ ವೈನಿ, ನೀವು ಉಣ್ರಿ," ಎಂದೆ.

"ಈ ಹನಿ ನಡು ಎಲ್ಲದ, ಬೆರಳಿಟ್ಟು ತೋರಿಸು."

ಕಷ್ಟವೇನಿರಲಿಲ್ಲ. ಎಡಗಡೆಯ ಚೌಕಗಳು ಹೆಚ್ಚು ತೊಯ್ದಿದ್ದವು, ಬಲಗಡೆಯವು ಕಡಿಮೆ. ತೋರಿಸಿದೆ.

"ನನ್ನ ಕ್ಯಾಮೆರಾದಾಗೂ ಹಿಂಗಽ ಚೌಕ ಅದಾವ. ಯಾವ ಚೌಕ ಎಷ್ಟು ತೊಯ್ತು, ಅದಕ್ಕ ಅಷ್ಟಽ ಗೊತ್ತು. ಚುಕ್ಕಿ ಒಂದಽ ಚೌಕದಾಗ ಕುಂತ್ರ, ಮೂಲ್ಯಾಗ ಅದನೋ ನಡುವ ಅದನೋ, ಪಾಪ ಅದೇನ್ ಹೇಳೀತು? ಹರಡಬೇಕವ್ವಾ ಚುಕ್ಕಿ. ನಾ ಸುಮ್ನ ಬಿಗಿ ಮಾಡಾಕತ್ತೀನಿ."

"ಹಬ್ಬದ ದಿನಾನೂ ಇಕಿದು ಇದಽ ಹಾಡು," ಎಂದಳು ಅವ್ವ. "ಭಜ್ಜಿ ಆರಾಕತ್ತದ."

ಕತ್ತಲಾಗುವವರೆಗೆ ವೈನಿ ಎಲ್ಲರನ್ನೂ ಹೊಲದಲ್ಲೇ ಕೂರಿಸಿಕೊಂಡರು. ಆಮೇಲೆ ಲೆನ್ಸನ್ನು ಕೊಂಚ ಸಡಿಲಿಸಿದರು. ಕ್ಯಾಮೆರಾಕ್ಕೆ ಜೋಡಿಸಿದ್ದ ಪರದೆಯ ಮೇಲೆ ಚುಕ್ಕಿಗಳು ಮಸುಕಾಗಿ, ಸಣ್ಣ ಸಣ್ಣ ಕಲೆಗಳಾದವು. ಕುಣಿಯುತ್ತಿದ್ದ ಉತ್ತರ ಮೆಲ್ಲಗೆ ಒಂದೇ ಕಡೆ ಬಂದು ನಿಂತಿತು. ವೈನಿ ನನ್ನ ಎರಡೂ ಕೈ ಹಿಡಿದು ಬದುವಿನ ಮೇಲೆ ಗಿರಗಿರ ತಿರುಗಿಸಿದರು. ಜೋಳದ ದಂಟುಗಳು ಮೈಗೆ ಬಡಿಯುತ್ತಿದ್ದವು, ನಗು ತಡೆಯಲಾಗುತ್ತಿರಲಿಲ್ಲ.

"ಸಾಕು ನಿಲ್ಲಿಸ್ರಿ," ಎಂದಳು ಅವ್ವ, ಕಂಬಳಿ ಹೊದ್ದುಕೊಂಡು. "ಅಮಾಸಿ ದಿನ ಹೊಲದಾಗ ಕುಣ್ಯಾಕತ್ತೀರಿ, ಮಂದಿ ದೆವ್ವ ಅಂತಾರ."

ಪರೀಕ್ಷೆಯಲ್ಲಿ ಕ್ಯಾಮೆರಾ ಪಾಸಾಯಿತು. ಈ ಉಪಾಯ ಹಿಂದೆಯೇ ಎಷ್ಟೋ ಮಂದಿಗೆ ಗೊತ್ತಿತ್ತಂತೆ. ಆಮೇಲೆ ಪುಸ್ತಕವೊಂದರಲ್ಲಿ ನೋಡಿ ವೈನಿ ನಕ್ಕಿದ್ದರು. "ಮೊದ್ಲಽ ಓದಿದ್ರ ಭಜ್ಜಿನಾದ್ರೂ ಬಿಸಿ ಉಣ್ತಿದ್ದೆ."

ಈ ಮಳೆಗಾಲದಲ್ಲಿ ವೈನಿ ತೀರಿಕೊಂಡರು. ಜ್ವರವೆಂದು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು... ಉಪಗ್ರಹ ಮೇಲೆ ಹೋದದ್ದು ಆಮೇಲೆ.

ಇವತ್ತು ಮಧ್ಯಾಹ್ನ ಅವರ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಕ್ಯಾಮೆರಾ ಕಣ್ಣು ಬಿಟ್ಟಿದೆಯಂತೆ. ಚುಕ್ಕಿಗಳ ಗುರುತು ಹಿಡಿದಿದೆಯಂತೆ. ಉತ್ತರ ಅಲುಗದೆ ನಿಂತಿದೆಯಂತೆ. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಫೋನ್ ಇಟ್ಟವಳೇ, "ವೈನಿ, ಕೇಳಿದ್ರೇನ್ರಿ?" ಎಂದು ಒಳಮನೆಯ ಕಡೆ ಕೂಗಿಬಿಟ್ಟೆ.

ಒಳಗಿನಿಂದ ಅವ್ವನ ದನಿ ಬಂತು.

"ನನಗ ಹೇಳವಾ. ನಾ ಕೇಳ್ತೀನಿ."