ಕುಯಾ ಡೆಲ್ಫಿನ್ ಮೂಸಿ ಕೊಟ್ಟರೆ

ಈ ವೇಪ್ ಎಂಬ ವಸ್ತುವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಗರೇಟು ಸೇದುವವರಿಗಾದರೂ ಒಂದಿಷ್ಟು ನಾಚಿಕೆಯಿತ್ತು, ಮೂಲೆಗೆ ಹೋಗಿ ಸೇದುತ್ತಿದ್ದರು. ಈ ವೇಪಿನವರು ನನ್ನ ಊಟದಂಗಡಿಯ ಬಾಗಿಲಲ್ಲೇ ನಿಂತು ಬಾಳೆಹಣ್ಣಿನ ವಾಸನೆಯ ಹೊಗೆ ಬಿಡುತ್ತಾರೆ. ನಾನು ಬೆಳಗ್ಗೆ ಎದ್ದು ಹುರಿದ ಬೆಳ್ಳುಳ್ಳಿ ಅನ್ನದ ಘಮವೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಇಂಥ ನಾನು ಈಗ ದಿನಾ ಹತ್ತು ಗಂಟೆಗೆ ಕೈ ಒರೆಸಿಕೊಂಡು ಹೋಗಿ ವೇಪಿನ ಬಿಡಿಭಾಗಗಳನ್ನು ಮೂಸುತ್ತ ಕೂರುತ್ತೇನೆ. ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಕುಯಾ ಡೆಲ್ಫಿನ್.

ನನಗಿಂತ ಏಳು ವರ್ಷಕ್ಕೆ ದೊಡ್ಡವನು, ಅದಕ್ಕೇ ಕುಯಾ. ಒಡಹುಟ್ಟಿದ ಅಣ್ಣನೇನಲ್ಲ, ಆದರೆ ಒಂದೇ ಗೋಡೆಯ ಆಚೆ ಈಚೆ ನಲವತ್ತು ವರ್ಷ ಬದುಕಿದ್ದೇವೆ. ನಮ್ಮ ಮೆಯ್ಕವಾಯನ್ ಊರಿನಲ್ಲಿ ಬೀದಿಗೆ ನಾಲ್ಕು ಅಕ್ಕಸಾಲಿಗರಿದ್ದ ಕಾಲದಲ್ಲಿ ಅವನೂ ಒಬ್ಬ. ಕಣ್ಣು ಮಂಜಾದ ಮೇಲೆ ಬೆಸುಗೆಯ ಕೆಲಸ ಬಿಟ್ಟ, ಉಳಿಗಳನ್ನೆಲ್ಲ ಮಾರಿದ. ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರವೊಂದನ್ನು ಮಾತ್ರ ಮಾರಲಿಲ್ಲ. ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಸ್ಟೀಲಿನ ತೊಟ್ಟಿ ಅದು. ಬಿಸಿನೀರು ತುಂಬಿ ಗುಂಡಿ ಒತ್ತಿದರೆ ಜೀರುಂಡೆಯ ಹಾಗೆ ಸದ್ದು ಮಾಡುತ್ತದೆ, ನೀರು ಸಣ್ಣಗೆ ನಡುಗುತ್ತದೆ, ಬ್ರಷ್ಷಿಗೂ ಸಿಗದ ಸಂದುಗೊಂದಿನ ಕೊಳೆಯೆಲ್ಲ ತಾನಾಗಿ ಬಿಟ್ಟುಕೊಂಡು ಬರುತ್ತದೆ.

ಒಂದು ದಿನ ಟ್ರೈಸಿಕಲ್ ಸ್ಟ್ಯಾಂಡಿನ ಒಬೆತ್ ಬಂದ. ಬೈಕಿನ ಪಕ್ಕಕ್ಕೆ ಗೂಡು ಕಟ್ಟಿಕೊಂಡು ಸವಾರಿ ಹೊಡೆಯುವವರಿಗೆಲ್ಲ ಅವನೇ ಮುಖಂಡ. ದಿನಕ್ಕೆ ಎರಡು ಪ್ಯಾಕು ಸಿಗರೇಟು ಬಿಟ್ಟು ವೇಪ್ ಹಿಡಿದಿದ್ದ. ಕುಯಾ ಹಿರಿಯನೆಂದು ಅವನನ್ನು ಮಾಂಗ್ ಎಂದು ಕರೆಯುತ್ತಿದ್ದ.

"ಮಾಂಗ್ ಡೆಲ್ಫಿನ್, ಉಂಗುರ ತೊಳೀತಿದ್ರಲ್ಲ, ಇದನ್ನೂ ಒಂದು ಸಲ ಮುಳುಗಿಸಿ ತೆಗೀರಿ. ಏನು ರಸ ಹಾಕಿದ್ರೂ ಹಳೇದೇ ರುಚಿ ಬರ್ತಿದೆ" ಎಂದು ಅಟೊಮೈಜರ್ ಬಿಚ್ಚಿ ಮೇಜಿನ ಮೇಲಿಟ್ಟ. ವೇಪಿನ ತಲೆಭಾಗ ಅದು. ಹತ್ತಿಯಲ್ಲಿ ನೆನೆದ ರಸ ತಂತಿಯ ಬಿಸಿಗೆ ಆವಿಯಾಗುವುದು ಅಲ್ಲೇ.

ಕುಯಾ ಅದನ್ನು ಕಿವಿಯೋಲೆ ಬಿಚ್ಚುವಷ್ಟು ನಿಧಾನವಾಗಿ ಬಿಚ್ಚಿದ. ಕರಿಹಿಡಿದ ಹತ್ತಿ, ತಂತಿ ತೆಗೆದು ಎಸೆದ. ರಬ್ಬರ್ ಉಂಗುರಗಳನ್ನು ಬೇರೆ ಬಟ್ಟಲಿಗೆ ಹಾಕಿದ. ಲೋಹದ ಭಾಗಗಳು ಒಂದು ಹನಿ ಪಾತ್ರೆ ಸೋಪಿನ ಜೊತೆ ತೊಟ್ಟಿಯಲ್ಲಿ ಹತ್ತು ನಿಮಿಷ, ಆಮೇಲೆ ಬರೀ ನೀರಲ್ಲಿ ಐದು ನಿಮಿಷ. ಕೊನೆಗೆ ಲೋಟದಲ್ಲಿ ಸ್ಪಿರಿಟ್ ಸುರಿದು ಅದ್ದಿ ತೆಗೆದು ಟವೆಲಿನ ಮೇಲೆ ಹರಡಿದ. ಒಣಗಿದ ಮೇಲೆ ಕಣ್ಣು ಮುಚ್ಚಿ ಒಂದೊಂದನ್ನೇ ಮೂಸಿದ.

"ಈಗ ಹಾಕ್ತಿರೋದು ಮಾವಿನಹಣ್ಣು. ಅದಕ್ಕೂ ಮುಂಚೆ ಕಾಫಿ. ಎಲ್ಲಕ್ಕಿಂತ ಕೆಳಗೆ ಪುದೀನಾ ಇದೆ, ಅದು ನಿಂದಲ್ಲ. ಇದು ಯಾರೋ ಸೇದಿಬಿಟ್ಟಿದ್ದು ಕಣೋ."

ಹೊಸದು ಕೊಂಡೆ ಎಂದು ಸ್ಟ್ಯಾಂಡಿನಲ್ಲೆಲ್ಲ ಜಂಬ ಕೊಚ್ಚಿದ್ದ ಒಬೆತ್‌ನ ಮುಖ ನೋಡಬೇಕಿತ್ತು. ಕುಯಾ ಅದನ್ನು ಮತ್ತೆ ತೊಟ್ಟಿಗೆ ಹಾಕಿದ. ಮೂರು ಸಲ ತೊಳೆದು, ಮೂಗಿಗೆ ಏನೂ ಸಿಗದಾದ ಮೇಲೇ ಕೊಟ್ಟ. ಅಲ್ಲಿಂದ ಮುಂದೆ ಅವನ ಮೇಜು ಖಾಲಿಯಿದ್ದುದನ್ನು ನಾನು ನೋಡಲಿಲ್ಲ. ಡೆಲ್ಫಿನ್ ಮೂಸಿ ಕೊಟ್ಟರೆ ಮುಗಿಯಿತು ಎಂಬ ಮಾತು ಪಕ್ಕದ ಊರಿನ ತನಕ ಹೋಯಿತು. ಅವನ ಮೂಗು ನನಗೂ ಉಪಯೋಗಕ್ಕೆ ಬರುತ್ತಿತ್ತು. ನಾನು ಹೊರಗೆ ಹರಟುತ್ತ ನಿಂತರೆ ಗೋಡೆಯಾಚೆಯಿಂದ "ಚೋಲೆಂಗ್, ಅನ್ನ!" ಎಂದು ಕೂಗುತ್ತಿದ್ದ. ಓಡಿಹೋಗಿ ನೋಡಿದರೆ ಅನ್ನ ಆಗಷ್ಟೇ ತಳ ಹಿಡಿಯುತ್ತಿರುತ್ತಿತ್ತು.

ಜೂನ್‌ನಲ್ಲಿ ಅವನಿಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದ. ಅದಾದ ವಾರಕ್ಕೆ ನನ್ನ ಅಂಗಡಿಗೆ ಬಂದು ಒಲೆಯ ಪಕ್ಕದ ಬೆಂಚಿನಲ್ಲೇ ಕೂತಿದ್ದ. ನಾನು ಉಪ್ಪು ತರಲು ಹೋಗಿ ಬರುವಷ್ಟರಲ್ಲಿ ಅನ್ನ ಸೀದು ಕರಿಯಾಗಿತ್ತು, ವಾಸನೆ ಬೀದಿಗೆ ಹೊಡೆಯುತ್ತಿತ್ತು. ಅವನು ದಪ್ಪ ಕನ್ನಡಕ ಹಾಕಿಕೊಂಡು ಆರಾಮವಾಗಿ ಪೇಪರ್ ಓದುತ್ತಿದ್ದ. ಬೈಯಲು ಬಾಯಿ ತೆಗೆದವಳು ಹಾಗೇ ಮುಚ್ಚಿಕೊಂಡೆ. ನನಗೆ ತಿಳಿದುಹೋಯಿತು.

ಅವನು ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಚಿನ್ನ ಹೋಯಿತು, ಕಣ್ಣು ಹೋಯಿತು, ಈಗ ಮೂಗೂ ಹೋಯಿತೆಂದು ಒಪ್ಪಿಕೊಂಡರೆ ಆ ಮೇಜಿನ ಮುಂದೆ ಕೂರಲು ಅವನಿಗೆ ಇನ್ನೇನು ಉಳಿಯುತ್ತದೆ? ಹಾಗಾಗಿ ಮೂರು ತಿಂಗಳು ಅವನು ಮೂಸುವ ಹಾಗೆ ನಟಿಸಿದ, ನಾನು ನಂಬಿದ ಹಾಗೆ ನಟಿಸಿದೆ. ಒಂದರ ಬದಲು ನಾಲ್ಕು ಸಲ ತೊಳೆಯುತ್ತಿದ್ದ. ಗೋಡೆಯಾಚೆ ಯಂತ್ರ ಇಡೀ ದಿನ ಕೊರೆಯುತ್ತಿತ್ತು.

ನಮ್ಮ ಬೀದಿಯಲ್ಲಿ ಖಾಲಿ ಜಿನ್ ಬಾಟಲಿ ಬಿಸಾಡುವವರಿಲ್ಲ. ಕುಯಾ ಅದರಲ್ಲಿ ಸ್ಪಿರಿಟ್ ಇಡುತ್ತಾನೆ, ನಾನು ಬೆಳ್ಳುಳ್ಳಿ ನೆನೆಹಾಕಿ ಸೋಸಿದ ಕಬ್ಬಿನ ವಿನೆಗರ್ ಇಡುತ್ತೇನೆ. ಎರಡೂ ನೀರಿನಷ್ಟೇ ತಿಳಿ. ಒಂದು ಶುಕ್ರವಾರ ಅವನಿಗೆ ಕರಿದ ಮೀನು ಕಳಿಸಿದೆ, ಅದ್ದಿಕೊಳ್ಳಲಿ ಎಂದು ಜೊತೆಗೆ ಬಾಟಲಿಯನ್ನೂ ಕಳಿಸಿದೆ. ಮಾರನೆಯ ದಿನ ಮಧ್ಯಾಹ್ನ ಬಾಟಲಿ ವಾಪಸು ತರಲು ಹೋದೆ. ಹೊಸಿಲಲ್ಲೇ ನನ್ನ ವಿನೆಗರಿನ ಘಾಟು ಮುಖಕ್ಕೆ ಹೊಡೆಯಿತು. ಟವೆಲಿನ ಮೇಲೆ ಒಂಬತ್ತು ಅಟೊಮೈಜರುಗಳು ಹೊಳೆಯುತ್ತ ಮಲಗಿದ್ದವು.

ಹೊರಗೆ ಕಾಯುತ್ತ ನಿಂತಿದ್ದ ಒಬೆತ್ ಇನ್ನಿಬ್ಬರ ಜೊತೆ ಒಳಗೆ ಬಂದ. ಕುಯಾ ಅವನದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಮೂಸಿದ.

"ಆಯ್ತು. ನೀರಿನ ಹಾಗಿದೆ, ತಗೋ."

ಒಬೆತ್ ಮೂಗಿಗೆ ಹಿಡಿದ. ಮುಖ ಹಿಂಡಿಕೊಂಡಿತು. "ಮಾಂಗ್ ಡೆಲ್ಫಿನ್... ಇದು..."

ನಾನು ನಡುವೆ ನುಗ್ಗಿದೆ. "ಏನೋ ಅದು, ಹುಳ ಕಂಡೋನ ಹಾಗೆ ಮುಖ ಮಾಡ್ತೀಯ? ಏಪ್ರನ್ ಮೇಲೆ ವಿನೆಗರ್ ಚೆಲ್ಕೊಂಡು ಬಂದಿದೀನಿ. ವಾಸನೆ ನಂದು. ದುಡ್ಡು ಕೊಟ್ಟು ಹೊರಡು!"

ಕುಯಾ ನನ್ನ ಏಪ್ರನ್ ನೋಡಿದ. ಅದು ಒಣಗಿತ್ತು, ಆಗಷ್ಟೇ ಇಸ್ತ್ರಿ ಮಾಡಿದ್ದು ಬೇರೆ. ಆಮೇಲೆ ಮೇಜಿನ ಮೇಲಿದ್ದ ಎರಡು ಬಾಟಲಿಗಳನ್ನು ನೋಡಿದ. ಲೋಟದೊಳಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡ.

"ಮೂಗಿಗೆ ಚುರುಕ್ ಅಂತು. ಸ್ಪಿರಿಟ್ಟೇ ಅಂದ್ಕೊಂಡೆ" ಎಂದ. "ಜ್ವರ ಬಂದಾಗಿಂದ ನಂಗೆ ವಾಸನೆ ಬರಲ್ಲ ಕಣೋ ಒಬೆತ್. ಮೂರು ತಿಂಗಳಾಯ್ತು. ನಿಮಗೆಲ್ಲ ಸುಳ್ಳು ಹೇಳ್ಕೊಂಡು ಬಂದೆ."

ಒಬೆತ್ ತಲೆ ಕೆರೆದುಕೊಂಡ. "ಅಂದ್ರೆ ಹೋದ ತಿಂಗಳು ನಾನು ಕುಡಿದು ಬಂದಿದ್ದು ನಿಮಗೆ ಗೊತ್ತಾಗ್ಲೇ ಇಲ್ವಾ? ಸುಮ್ನೆ ಒಂದು ಪೊಟ್ಟಣ ಪೆಪ್ಪರ್‌ಮಿಂಟ್ ದಂಡ ಆಯ್ತಲ್ಲ!"

ಎಲ್ಲರೂ ನಕ್ಕರು. ಕುಯಾ ನಗಲಿಲ್ಲ. ಯಂತ್ರದ ಪ್ಲಗ್ ಕಿತ್ತು, ವೈರನ್ನು ನೀಟಾಗಿ ಸುತ್ತಿ, ತೊಟ್ಟಿಯ ನೀರು ಚೆಲ್ಲಿದ.

"ಮೂಗಿಲ್ಲದೋನು ಮಾಡೋ ಕೆಲಸ ಅಲ್ಲ ಇದು. ಬೇರೆ ಎಲ್ಲಾದ್ರೂ ಕೊಡಿ" ಎಂದ.

ಎರಡು ದಿನ ಗೋಡೆಯಾಚೆಯಿಂದ ಸದ್ದು ಬರಲಿಲ್ಲ. ಆ ಜೀರುಂಡೆಯ ಗಲಾಟೆಗೆ ನಾನು ಎಷ್ಟೋ ಸಲ ಗೋಡೆ ಗುದ್ದಿದ್ದೆ. ಈಗ ಅದಿಲ್ಲದೆ ಮೀನು ಹೆಚ್ಚಲೂ ಕೈ ಬರಲಿಲ್ಲ. ಬೇಜಾರಿಗಿಂತ ಸಿಟ್ಟೇ ಹೆಚ್ಚು ಬಂತು, ಯಾರ ಮೇಲೆಂದು ಕೇಳಬೇಡಿ. ಮೂರನೆಯ ದಿನ ಹೋಗಿ, ಯಾರೂ ಒಯ್ಯದೆ ಟವೆಲಿನ ಮೇಲೇ ಬಿಟ್ಟಿದ್ದ ಆ ಒಂಬತ್ತನ್ನೂ ತಟ್ಟೆಯಲ್ಲಿ ಹಾಕಿ ಅವನ ಮುಂದೆ ಕುಕ್ಕಿದೆ.

"ತೊಳಿ. ನಾನು ಮೂಸ್ತೀನಿ."

"ನಿಂಗೆ ಇದರ ಗಂಧಗಾಳಿ ಗೊತ್ತಿಲ್ಲ, ಚೋಲೆಂಗ್."

"ಗಾಳಿ ನಿಂಗೆ ಗೊತ್ತು, ಗಂಧ ನಂಗೆ ಸಿಗುತ್ತೆ. ತೊಳಿ ಅಂದ್ನಲ್ಲ!"

ಅವನು ಸುತ್ತಿಟ್ಟಿದ್ದ ವೈರು ಬಿಚ್ಚಿದ. ತೊಳೆದು ಒಣಗಿಸಿ ಒಂದನ್ನು ನನ್ನ ಕೈಗಿಟ್ಟ. ಮೂಸಿ "ಚೆನ್ನಾಗಿದೆ" ಎಂದೆ.

"ಚೆನ್ನಾಗಿದೆ ಅನ್ನೋದು ವಾಸನೆಯಲ್ಲ. ಮೊದಲು ಬಂದಿದ್ದೇನು?"

"ಬೆಳ್ಳುಳ್ಳಿ, ಸ್ವಲ್ಪ."

"ಈಗ ದೂರ ಹಿಡಿ. ಮೂಗಿಂದ ಹೋದ ಮೇಲೂ ಏನು ಉಳೀತು?"

ನಾನು ಯೋಚಿಸಿದೆ. "ಏನೋ ಸಿಹಿ. ಹಾಲು ಕಾಯಿಸಿದ ಹಾಗೆ."

"ಕಸ್ಟರ್ಡ್. ಅದು ಲೋಹದ್ದಲ್ಲ, ರಬ್ಬರ್ ಉಂಗುರದ್ದು. ಬಿಚ್ಚಿ ಕೊಡು." ಅವನು ಉಂಗುರ ಕಿತ್ತು ಹೊಸದು ಹಾಕಿದ, ಉಳಿದದ್ದನ್ನು ಮತ್ತೆ ತೊಟ್ಟಿಗೆ ಬಿಟ್ಟ. ಒಂಬತ್ತೂ ಮುಗಿಯುವಾಗ ನನ್ನ ಸಾರು ಅರ್ಧ ಬತ್ತಿತ್ತು. ಒಬೆತ್ ಬಂದು ತನ್ನದನ್ನು ಮೂಸಿ, ಹೋಗಿ ಇನ್ನೂ ಆರು ತಂದು ಮೇಜಿನ ಮೇಲಿಟ್ಟ.

ಅಂದಿನಿಂದ ಹೀಗೇ ನಡೆದಿದೆ. ನಾನು ಹೇಳುತ್ತೇನೆ, ಅವನು ತೀರ್ಮಾನಿಸುತ್ತಾನೆ. ನನ್ನ ಮೂಗಿಗೆ ಸಾಕೆನಿಸಿದರೂ ಅವನಿಗೆ ನನ್ನ ಮಾತು ಸಾಕೆನಿಸದಿದ್ದರೆ ಮತ್ತೆ ತೊಟ್ಟಿಗೇ. ವಾಸನೆ ಮರಳಬಹುದೆಂದು ಡಾಕ್ಟರು ಹೇಳಿದ್ದಾರಂತೆ, ಇನ್ನೂ ಬಂದಿಲ್ಲ.

ಕಳೆದ ವಾರ ಬೆಳಿಗ್ಗೆ ಎಂದಿನಂತೆ ಅವನಿಗೆ ಒಂದು ಬಟ್ಟಲು ಗಂಜಿ ತೆಗೆದುಕೊಂಡು ಹೋದೆ. ಈಗೀಗ ಅವನಿಗೆ ಊಟವೆಲ್ಲ ಬರೀ ಬಿಸಿ, ಬರೀ ಉಪ್ಪು. ಚಮಚ ಹಿಡಿದು "ಇವತ್ತು ಹೇಗಿದೆ, ಹೇಳು" ಎಂದ.

"ಹೇಗಿರುತ್ತೆ, ಗಂಜಿ. ಹುರಿದ ಬೆಳ್ಳುಳ್ಳಿ, ಕೋಳಿ, ಈರುಳ್ಳಿ ಸೊಪ್ಪು... ಶುಂಠಿ."

ಚಮಚ ಬಾಯಿಯ ಹತ್ತಿರವೇ ನಿಂತಿತು. "ಶುಂಠಿ ಕೊನೆಗೆ ಹೇಳಿದೆ. ಯಾವತ್ತೂ ಮೊದಲು ಹೇಳ್ತಿದ್ದೆ. ಇವತ್ತು ಕಡಿಮೆ ಹಾಕಿದೀಯ."

ಅದು ನಿಜ. ಹಿಂದಿನ ದಿನ ಶುಂಠಿ ತರುವುದು ಮರೆತು, ಒಂದೇ ತುಂಡನ್ನು ದೊಡ್ಡ ಪಾತ್ರೆಗೆಲ್ಲ ಹೊಂದಿಸಿದ್ದೆ. ಆಗಲೇ ಹದಿನಾಲ್ಕು ಜನ ಮೂಗಿರುವವರು ತಿಂದು ಹೋಗಿದ್ದರು, ಒಬ್ಬನೂ ಸೊಲ್ಲೆತ್ತಿರಲಿಲ್ಲ.

"ಮೂಗು ಹೋದ್ರೂ ತಪ್ಪು ಹುಡುಕೋ ಚಾಳಿ ಹೋಗಿಲ್ಲ ನಿಂದು" ಎಂದು ಬೈದು ಎದ್ದು ಬಂದೆ. ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತು ಅತ್ತೆ. ಗೋಡೆಯಾಚೆ ಯಂತ್ರ ಶುರುವಾಯಿತು. ಕಣ್ಣೊರೆಸಿಕೊಂಡು ತರಕಾರಿ ಅಂಗಡಿಗೆ ಹೋಗಿ ಕಾಲು ಕಿಲೋ ಶುಂಠಿ ತಂದೆ.