ಕಿವಿ ಪರೀಕ್ಷೆಗೆ ಕೂಸು ಮಲಗಿಸುವ ಅಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮಕ್ಕಳ ವಿಭಾಗದ ಕಾರಿಡಾರಿನಲ್ಲಿ ಆಗಲೇ ನಾಲ್ಕೈದು ಕೂಸುಗಳು ಪೈಪೋಟಿಗೆ ಬಿದ್ದು ಅಳುತ್ತಿವೆ. ನಸುಕಿನಲ್ಲೇ ಅವುಗಳನ್ನು ಎಬ್ಬಿಸಿಕೊಂಡು ಬಂದಿದ್ದಾರೆ, ಹಾಲನ್ನೂ ಕೊಟ್ಟಿಲ್ಲ. ಇದು ಹಿಂಸೆಯಲ್ಲ, ಪರೀಕ್ಷೆಯ ನಿಯಮ. ಎಳೆಗೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ತಿಳಿಯಬೇಕಾದರೆ ಅದು ಗಾಢವಾಗಿ ಮಲಗಿರಬೇಕು. ಹಣೆಗೆ, ಕಿವಿಯ ಹಿಂದಕ್ಕೆ ತಂತಿ ಅಂಟಿಸಿ, ಕಿವಿಯೊಳಗೆ ಸಣ್ಣ ಸದ್ದು ಬಿಟ್ಟರೆ ಮಿದುಳು ಓಗೊಡುತ್ತದೆಯೇ ಎಂದು ಯಂತ್ರ ನೋಡುತ್ತದೆ. ಸುಸ್ತಾದ ಕೂಸು ಹೊಟ್ಟೆ ತುಂಬಿದ ಕೂಡಲೇ ಮಲಗುತ್ತದೆ ಎಂಬುದು ಲೆಕ್ಕ. ಕೂಸುಗಳು ಲೆಕ್ಕ ಕಲಿತಿಲ್ಲವಲ್ಲ, ಸಮಸ್ಯೆ ಅದೇ.

ಅದಕ್ಕೇ ಮೂಲೆಯ ಕೋಣೆಯಲ್ಲಿ ಈ ಹೆಂಗಸು ಇದ್ದಾರೆ. ಐವತ್ತು ದಾಟಿದ ವಯಸ್ಸು, ಅಗಲವಾದ ಹೆಗಲು, ಸಪ್ಪಳವಾಗದ ಬಟ್ಟೆಯ ಚಪ್ಪಲಿ. ಎಲ್ಲರೂ ಕರೆಯುವುದು 'ಮಲಗಿಸೋ ಅಮ್ಮ' ಎಂದೇ. ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡು ಅರಚುತ್ತಿರುವ ಕೂಸೊಂದನ್ನು ತಾಯಿಯ ಕೈಯಿಂದ ಇಸಿದುಕೊಂಡು, ಹಾಲು ಕುಡಿಸಿ, ಹೆಗಲಿಗೆ ಹಾಕಿ, ಬೆನ್ನ ಕೆಳಗೆ ಅಂಗೈಯಿಟ್ಟು ನಡೆಯುತ್ತಾರೆ. ತೂಗುವುದಿಲ್ಲ, ತಟ್ಟುವುದಿಲ್ಲ, ಗೋಡೆಯಿಂದ ಗೋಡೆಗೆ ನಡೆಯುತ್ತಾರಷ್ಟೆ. ಸ್ವಲ್ಪ ಹೊತ್ತಿಗೆ ಕೂಸಿನ ಮುಷ್ಟಿ ಬಿಚ್ಚಿಕೊಳ್ಳುತ್ತದೆ.

"ಕಣ್ಣು ಮುಚ್ಚಿದ್ರೆ ನಂಬಬಾರದು, ಕಳ್ಳ ನಿದ್ದೆ ಇರುತ್ತೆ. ಮುಷ್ಟಿ ಬಿಟ್ಟರೆ ನಂಬಬಹುದು," ಎನ್ನುತ್ತಾರೆ, ತುಟಿ ಮಾತ್ರ ಅಲ್ಲಾಡಿಸಿ.

ದಿನಕ್ಕೆ ಆರೇಳು ಕೂಸುಗಳು. ಕಾರಿಡಾರಿನ ಗೋಡೆಯ ಮೇಲೆ ವಿಭಾಗದ ಪ್ರಾಧ್ಯಾಪಕರ ಫೋಟೋಗಳಿವೆ, ಕೆಳಗೆ ಅವರವರ ಆಸಕ್ತಿಯ ಕ್ಷೇತ್ರ: ಒಬ್ಬರಿಗೆ ಮಕ್ಕಳ ಉಸಿರಾಟ, ಒಬ್ಬರಿಗೆ ತಿಂಗಳು ತುಂಬದೆ ಹುಟ್ಟಿದವರು, ಹಿರಿಯ ಡಾಕ್ಟರಮ್ಮನಿಗೆ ನವಜಾತ ಶಿಶುಗಳ ಶ್ರವಣ. ಮೊದಲ ಆರು ತಿಂಗಳಲ್ಲೇ ದೋಷ ಕಂಡುಹಿಡಿದರೆ ಮಗುವಿನ ಭಾಷೆ ಎಷ್ಟು ಉಳಿಯುತ್ತದೆ ಎಂಬುದು ಅವರ ಅಧ್ಯಯನ. "ಮದ್ದು ಕೊಟ್ಟು ಮಲಗಿಸೋದು ನನಗೆ ಇಷ್ಟ ಇಲ್ಲ. ಈಕೆ ರಜೆ ಹಾಕಿದ್ರೆ ನನ್ನ ಸಂಶೋಧನೇನೂ ರಜೆ," ಎಂದು ಡಾಕ್ಟರಮ್ಮ ನಗುತ್ತಾರೆ. ಮಲಗಿಸೋ ಅಮ್ಮನ ಫೋಟೋ ಗೋಡೆಯ ಮೇಲಿಲ್ಲ. ಅವರಿಗೆ ಅದರ ಕೊರಗೂ ಇಲ್ಲ.

ಕೊರಗು ಬೇರೆಯೇ ಇದೆ. ಕೆಲವು ತಾಯಂದಿರು ಹೆಮ್ಮೆಯಿಂದ ಹೇಳುವುದುಂಟು, "ನಮ್ಮ ಪಾಪು ತುಂಬಾ ಒಳ್ಳೇದು, ಬಾಗಿಲು ದಢಾರ್ ಅಂದ್ರೂ ಏಳಲ್ಲ." ಆ ಮಾತು ಬಿದ್ದಾಗಲೆಲ್ಲ ಇವರ ಮುಖದ ನಗು ಹಾಗೇ ಉಳಿಯುತ್ತದೆ, ಕೈ ಮಾತ್ರ ಕೂಸಿನ ಕಿವಿಯತ್ತ ಹೋಗುತ್ತದೆ.

"ನಾನೂ ಹಂಗೇ ಜಂಬ ಕೊಚ್ಕೊಂಡೋಳು. ನನ್ನ ಮಗಳು ಎಂಥಾ ಗದ್ದಲದಲ್ಲೂ ಮಲಗ್ತಿದ್ಲು. ನೆರೆಮನೆಯವರ ಮಕ್ಕಳು ರಾತ್ರಿಯೆಲ್ಲಾ ಅತ್ತರೆ, ನಾನು ಹೋಗಿ ಬುದ್ಧಿ ಹೇಳ್ತಿದ್ದೆ. ಮಗು ಬೆಳೆಸೋದು ಹೇಗೆ ಅಂತ!"

ಮಗಳಿಗೆ ಮಾತು ಬರಲಿಲ್ಲ. ನಮ್ಮ ಕಡೆ ಮಾತು ತಡ ಎಂದು ಅತ್ತೆ ಅಂದರು, ಇವರು ನಂಬಿದರು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಒಂದು ದಿನ ಆ ಮಗುವಿನ ಬೆನ್ನ ಹಿಂದೆ ತಟ್ಟೆಗಳ ರಾಶಿ ಜಾರಿ ಬಿತ್ತು. ಬೆಕ್ಕು ಹಾರಿ ಓಡಿತು. ಮಗು ತಿರುಗಿಯೂ ನೋಡಲಿಲ್ಲ. ಇದೇ ಆಸ್ಪತ್ರೆಗೆ ಓಡಿ ಬಂದರು, ಆದರೆ ಕಾಲ ಮಿಂಚಿತ್ತು. ಕೈಸನ್ನೆ ಮಾಡಿದರೆ ಮಗು ಮಾತೇ ಕಲಿಯುವುದಿಲ್ಲ ಎಂದು ಆಗ ಯಾರೋ ತಿಳಿದವರು ಹೆದರಿಸಿದರು. ಇವರು ಅದನ್ನೂ ನಂಬಿದರು. ಮನೆಯಲ್ಲಿ ಸನ್ನೆ ಬಂದ್ ಆಯಿತು, ಮಾತೂ ಬರಲಿಲ್ಲ. ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿ ಸೇರಿದವರು, ಒಂದು ದಿನ ಅಳುವ ಕೂಸೊಂದನ್ನು ಸುಮ್ಮನೆ ಎತ್ತಿಕೊಂಡರು; ಅದು ಮಲಗಿತು, ಅಂದಿನಿಂದ ಈ ಕೋಣೆಯೇ ಇವರ ಕೆಲಸವಾಯಿತು.

ಮಗಳು ಕಿವುಡರ ಶಾಲೆಗೆ ಹೋದಳು, ಕೈಮಾತು ಕಲಿತಳು, ಅಲ್ಲೇ ಜೊತೆಗೆ ಓದಿದವನನ್ನು ಮದುವೆಯಾದಳು. ಅವನೂ ಕಿವುಡ, ಒಳ್ಳೆಯ ದರ್ಜಿ. ಈಗ ಅವರಿಗೆ ಮೂರು ತಿಂಗಳ ಗಂಡುಮಗು. ಕಳೆದ ವಾರ ಆ ಕೂಸಿನ ಪರೀಕ್ಷೆ ಇತ್ತು. ಮಲಗಿಸುವವರು ಅಜ್ಜಿಯೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು, ಮೊಮ್ಮಗ ಮಲಗಲೇ ಇಲ್ಲ.

"ಮಲಗಿದ್ದ ರೀ, ಇವರೇ ಎಬ್ಬಿಸಿದ್ದು!" ಎಂದು ಯಂತ್ರ ನೋಡುವ ಸಹೋದ್ಯೋಗಿ ದೂರುತ್ತಾರೆ. "ಮುಷ್ಟಿ ಬಿಟ್ಟ ತಕ್ಷಣ ಕಿವಿ ಹತ್ರ ಹೋಗಿ ನಾಲಿಗೆ ಲೊಚಗುಟ್ಟೋದು. ಅವನು ಬೆಚ್ಚಿ ಎದ್ದುಬಿಡೋದು. ಮತ್ತೆ ಮಲಗಿಸೋದು, ಮತ್ತೆ ಅದೇ!"

"ಬೆಚ್ಚಿದ್ದು ನಿಜ. ಸದ್ದಿಗೋ, ನನ್ನ ಉಸಿರು ತಾಗಿದ್ದಕ್ಕೋ? ಹೇಳಿ ನೋಡೋಣ," ಎಂದು ಅಮ್ಮ ತಿರುಗಿ ಕೇಳುತ್ತಾರೆ. "ಒಂದ್ಸಲ ಮೋಸ ಹೋದೋಳು ನಾನು."

ಇಂದು ಎರಡನೆಯ ಸರದಿ. ಮಗಳು ಕೂಸಿನೊಂದಿಗೆ ಬರುತ್ತಾಳೆ, ತಾಯಿಯ ಭುಜ ಹಿಡಿದು ನಯವಾಗಿ ಕೋಣೆಯಿಂದ ಹೊರಗೆ ಕಳಿಸುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಊರ ಕೂಸುಗಳನ್ನೆಲ್ಲ ಮಲಗಿಸಿದ ಹೆಂಗಸು ಬೆಂಚಿನ ಮೇಲೆ ಇತರ ಅಜ್ಜಿಯರ ಸಾಲಿನಲ್ಲಿ ಕೂರುತ್ತಾರೆ. ಒಳಗೆ ಮಗಳು ಕೂಸನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ತಾನೂ ಕಣ್ಣು ಮುಚ್ಚಿದಳಂತೆ. ಅಷ್ಟಕ್ಕೇ ಅವನು ಮಲಗಿಬಿಟ್ಟನಂತೆ.

ಸಾಕಷ್ಟು ಹೊತ್ತಾದ ಮೇಲೆ ಡಾಕ್ಟರಮ್ಮ ತಾವೇ ಹೊರಗೆ ಬರುತ್ತಾರೆ. "ಎರಡೂ ಕಿವಿ ಚೆನ್ನಾಗಿ ಕೇಳುತ್ತಮ್ಮ."

ಅಮ್ಮ ಬಿಕ್ಕಿ ಬಿಕ್ಕಿ ಅಳುತ್ತಾರೆ. ಸೆರಗಿನಲ್ಲಿ ಮುಖ ಮುಚ್ಚಿ, ಗೋಡೆಗೆ ಒರಗಿ, ನಗುತ್ತಾ ಅಳುತ್ತಾರೆ. ಮಗಳು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅವಳಿಗೂ ಸುದ್ದಿ ಗೊತ್ತು. ಆದರೆ ಅವಳು ಅಳುವುದಿಲ್ಲ. ಕೂಸನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ಸನ್ನೆಯಲ್ಲಿ ತಾಯಿಯನ್ನು ಏನೋ ಕೇಳುತ್ತಾಳೆ. ಅಮ್ಮನ ನಗು ನಿಲ್ಲುತ್ತದೆ. ಮಗಳು ಉತ್ತರಕ್ಕಾಗಿ ಸ್ವಲ್ಪ ಕಾಯುತ್ತಾಳೆ, ಆಮೇಲೆ ತಾಯಿಯ ಕೆನ್ನೆ ಒರೆಸಿ ಹೊರಡುತ್ತಾಳೆ.

"ಅವನೂ ನನ್ನ ಥರಾನೇ ಇದ್ದಿದ್ರೆ ಏನಾಗ್ತಿತ್ತು, ಅಂದ್ಲು," ಅಮ್ಮ ಬೆಂಚಿನ ಮೇಲೆ ಕೂತು ಹೇಳುತ್ತಾರೆ. "ನಾನು ಕುಣಿದಾಡಿದ್ದು ನೋಡಿದ್ಲಲ್ಲ, ಅವಳಿಗೆ ಹೇಗಾಗಿರಬೇಡ. ಏನೂ ಆಗ್ತಿರಲಿಲ್ಲ ಕಣೇ, ನೀನೇನು ಕಮ್ಮಿ ಅಂತ ಹೇಳಬೇಕಿತ್ತು. ಅವಳು ಕೇಳಿದ್ದು ಅರ್ಥ ಆಗುತ್ತೆ, ಕೈಯಲ್ಲಿ ನನಗೆ ಹೇಳೋಕೆ ಬರೋದು ಊಟ, ಸ್ನಾನ, ಬಾ, ಹೋಗು ಅಷ್ಟೇ. ಇಷ್ಟು ದೊಡ್ಡ ಮಾತಿಗೆ ಕೈ ಬರಲಿಲ್ಲ."

ಕಾರಿಡಾರಿನಲ್ಲಿ ಮುಂದಿನ ಕೂಸು ಅರಚತೊಡಗಿದೆ. ಅಮ್ಮ ಏಳುತ್ತಾರೆ.

"ಅವಳು ಮಗನಿಗೆ ಕೈಮಾತು ಕಲಿಸ್ತಾಳಂತೆ. ನಾನೂ ಪಕ್ಕದಲ್ಲಿ ಕೂತ್ಕೋಬೇಕು ಅಂತ ಇದೀನಿ. ಅವನು ಚೂಟಿ, ಬೇಗ ಕಲೀತಾನೆ. ನನಗೆ ನಿಧಾನ ಆಗುತ್ತೆ. ನನಗೋಸ್ಕರ ಒಂಚೂರು ನಿಧಾನಕ್ಕೆ ಹೇಳಿಕೊಡ್ತಾಳೋ ಏನೋ, ಕೇಳಿ ನೋಡಬೇಕು."